ಬೇರೆ ಮಾಡುವ ಮೊದಲು ಒಟ್ಟಿಗೆ ಇಟ್ಟು ನೋಡಿ: ಉತ್ತರ ಕನ್ನಡ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಉಪನಿರ್ದೇಶಕರಿಗೆ, ಮಕ್ಕಳ ಕಲ್ಯಾಣ ಸಮಿತಿಯ ಅಧ್ಯಕ್ಷರು ಮತ್ತು ಸದಸ್ಯರಿಗೆ, ಹಾಗೇ ನಮ್ಮ ಜಿಲ್ಲೆಯ ಎಲ್ಲರಿಗೂ,

ನಮಸ್ಕಾರ.

ನಮ್ಮ ಜಿಲ್ಲೆಗೆ ಒಂದು ಮನೆ ಬೇಕು. ಅಮ್ಮನೋ ಅಪ್ಪನೋ ಮಗುವನ್ನು ಸರಿಯಾಗಿ ಸಾಕುತ್ತಾರೋ ಇಲ್ಲವೋ ಎಂಬ ಅನುಮಾನ ಬಂದಾಗ ಅವರಿಬ್ಬರನ್ನೂ ಒಟ್ಟಿಗೆ ಕೆಲವು ವಾರ ಇಟ್ಟುಕೊಳ್ಳುವ ಮನೆ. ಅಲ್ಲಿ ಹಗಲು ರಾತ್ರಿ ಜೊತೆಗಿದ್ದು ಕಲಿಸುವವರು ಬೇಕು, ನೋಡುವವರೂ ಬೇಕು. ಅಷ್ಟಾದ ಮೇಲೆ ಮಗು ಯಾರ ಹತ್ತಿರ ಇರಬೇಕು ಎಂದು ಸಮಿತಿ ತೀರ್ಮಾನ ಮಾಡಲಿ. ಈಗ ಆ ತೀರ್ಮಾನ ಆಗುವ ರೀತಿ ನೋಡಿದರೆ ನನಗೆ ಸಮಾಧಾನವಿಲ್ಲ. ಅದಕ್ಕೇ ಈ ಪತ್ರ.

ನಾನು ಅಂಗನವಾಡಿ ಮೇಲ್ವಿಚಾರಕಿಯಾಗಿ ಕೆಲಸ ಮಾಡಿ ನಿವೃತ್ತಳಾದವಳು. ಘಟ್ಟದ ಮೇಲೂ ದುಡಿದಿದ್ದೇನೆ, ಕೆಳಗೂ ದುಡಿದಿದ್ದೇನೆ. ಮಗುವನ್ನು ಬಾಲಮಂದಿರಕ್ಕೋ ದತ್ತು ಕೇಂದ್ರಕ್ಕೋ ಕಳಿಸಬೇಕು ಎಂಬ ಮಾತು ಬಂದಾಗ ಆ ಮನೆಗೆ ಭೇಟಿ ಕೊಡುವವರ ಜೊತೆ ನಾನೂ ಹೋದದ್ದಿದೆ. ನಿವೃತ್ತಿಯಾದ ಮೇಲೂ ತಾಯಂದಿರು ಕರೆದರೆ ಹೋಗುತ್ತೇನೆ.

ಆ ಭೇಟಿ ಹೇಗಿರುತ್ತದೆ ಎಂದು ಹೇಳುತ್ತೇನೆ. ಜೀಪು ಕೇರಿಗೆ ಬರುವ ಮೊದಲೇ ಸುದ್ದಿ ಬಂದಿರುತ್ತದೆ. ಅಂಗಳ ಗುಡಿಸಿ ಆಗಿರುತ್ತದೆ. ಪಕ್ಕದ ಮನೆಯಿಂದ ಪ್ಲಾಸ್ಟಿಕ್ ಕುರ್ಚಿ ಬಂದಿರುತ್ತದೆ. ಮಗುವಿಗೆ ಜಾತ್ರೆಯಲ್ಲಿ ತಂದ ಅಂಗಿ ಹಾಕಿರುತ್ತಾರೆ, ಹಣೆಗೆ ಕಾಡಿಗೆ ಬೊಟ್ಟು ಇಟ್ಟಿರುತ್ತಾರೆ. ತಾಯಿ ಬಾಗಿಲಿಗೆ ಒರಗಿ ನಿಂತಿರುತ್ತಾಳೆ. ಎಷ್ಟು ದುಡಿಯುತ್ತೀ, ಗಂಡ ಕುಡಿಯುತ್ತಾನಾ, ಮಗುವಿಗೆ ಬೆಳಿಗ್ಗೆ ಏನು ಕೊಟ್ಟೆ ಎಂದು ಕೇಳುತ್ತಾರೆ. ಅವಳು ಎಲ್ಲದಕ್ಕೂ ಹೂಂ ಎನ್ನುತ್ತಾಳೆ, ಇಲ್ಲವಾದರೆ ಸುಮ್ಮನಿರುತ್ತಾಳೆ. ಬೇಲಿಯಾಚೆ ಹತ್ತು ಜನ ನಿಂತು ಕೇಳುತ್ತಿರುವಾಗ ಬೇರೆ ಏನು ಹೇಳಿಯಾಳು? ಅರ್ಧ ಗಂಟೆಯಲ್ಲಿ ಫಾರಂ ತುಂಬುತ್ತದೆ. ಅವಳು ಹೂಂ ಎಂದಿದ್ದಕ್ಕಿಂತ ಬೇಲಿಯಾಚೆ ನಿಂತವರು ಹೇಳಿದ್ದೇ ವರದಿಯಲ್ಲಿ ಜಾಸ್ತಿ ಇರುತ್ತದೆ.

ಹೋದವರನ್ನು ನಾನು ದೂರುವುದಿಲ್ಲ. ಇರುವ ನಾಲ್ಕು ಜನರ ತಲೆ ಮೇಲೆ ಹನ್ನೆರಡು ತಾಲೂಕಿದೆ. ಬೆಳಿಗ್ಗೆ ಭಟ್ಕಳ, ಮರುದಿನ ಜೋಯಿಡಾ. ಆದರೆ ಅರ್ಧ ಗಂಟೆಯಲ್ಲಿ ಕಾಣದ್ದು ಎಷ್ಟೋ ಇದೆ, ಅಲ್ವಾ? ರಾತ್ರಿ ಎರಡು ಗಂಟೆಗೆ ಮಗು ಅತ್ತರೆ ಅವಳು ಏಳುತ್ತಾಳಾ? ಜ್ವರ ಬಂದರೆ ಗುರುತಿಸುತ್ತಾಳಾ? ಸಿಟ್ಟು ಬಂದಾಗ ಕೈ ಎಲ್ಲಿಗೆ ಹೋಗುತ್ತದೆ? ಮಗು ಬಿದ್ದರೆ ಯಾರ ಹತ್ತಿರ ಓಡುತ್ತದೆ? ಗೊತ್ತಿಲ್ಲದ್ದನ್ನು ಒಮ್ಮೆ ತೋರಿಸಿದರೆ ಕಲಿಯುತ್ತಾಳಾ? ಮಗುವಿನ ಬದುಕು ನಿಂತಿರುವುದು ಈ ಪ್ರಶ್ನೆಗಳ ಮೇಲೆ. ಇದಕ್ಕೆ ಉತ್ತರ ಸಿಗಬೇಕಾದರೆ ಜೊತೆಗಿದ್ದು ನೋಡಬೇಕು.

ಕಾನೂನು ಏನು ಹೇಳುತ್ತದೆ ಎಂಬುದು ತಮಗೆ ಚೆನ್ನಾಗಿ ಗೊತ್ತು. ಓದುವ ಬೇರೆಯವರಿಗಾಗಿ ಬರೆಯುತ್ತೇನೆ. 2015ರ ಬಾಲನ್ಯಾಯ ಕಾಯ್ದೆಯ ಮೂರನೇ ಕಲಮಿನಲ್ಲೇ ಇದೆ: ಮಗುವನ್ನು ಸಾಕುವ ಮೊದಲ ಹೊಣೆ ಕುಟುಂಬದ್ದು, ಸಂಸ್ಥೆಗೆ ಸೇರಿಸುವುದು ಬೇರೆ ದಾರಿಯೇ ಇಲ್ಲದಾಗ ಕೊನೆಯ ಹೆಜ್ಜೆ. ರಕ್ಷಣೆ ಬೇಕಾದ ಮಗುವನ್ನು 24 ಗಂಟೆಯೊಳಗೆ ಸಮಿತಿಯ ಮುಂದೆ ತರಬೇಕು. ಸಾಮಾಜಿಕ ತನಿಖೆ 15 ದಿನದಲ್ಲಿ ಮುಗಿಯಬೇಕು. ಕೊನೆಯ ಆದೇಶ ನಾಲ್ಕು ತಿಂಗಳೊಳಗೆ ಬರಬೇಕು. ನನ್ನ ಮಾತು ಈ ನಾಲ್ಕು ತಿಂಗಳ ಬಗ್ಗೆ. ಆ ಹೊತ್ತಿನಲ್ಲಿ ಮಗು ಒಂದು ಕಡೆ, ತಾಯಿ ಒಂದು ಕಡೆ. ಅವಳು ಕೂಲಿ ಬಿಟ್ಟು ಬಸ್ಸು ಹತ್ತಿ ಮಗುವನ್ನು ನೋಡಲು ಬರುತ್ತಾಳೆ. ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ಟಿನ ಚಿಂತೆ ತಪ್ಪಿದೆ, ಆ ದಿನದ ಸಂಬಳ ಮಾತ್ರ ಹೋಗುತ್ತದೆ. ಭಟ್ಕಳದಿಂದ ಕಾರವಾರಕ್ಕೆ ನೂರು ಕಿಲೋಮೀಟರಿಗೂ ಜಾಸ್ತಿ. ಶಿರಸಿಯಿಂದಲೂ ಅಷ್ಟೇ, ನಡುವೆ ದೇವಿಮನೆ ಘಟ್ಟ ಬೇರೆ. ಮಳೆಗಾಲದಲ್ಲಿ ಯಾವ ರಸ್ತೆ ಯಾವಾಗ ಮುಚ್ಚುತ್ತದೆ ಎಂದು ಹೇಳಲಾಗುವುದಿಲ್ಲ. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದಾಗ ಹೆದ್ದಾರಿಯೇ ನಿಂತುಹೋದದ್ದು ಯಾರೂ ಮರೆತಿಲ್ಲ. ಹೀಗೆ ನಾಲ್ಕು ವಾರ ಅವಳಿಗೆ ಬರಲಾಗದಿದ್ದರೆ ಕಡತದಲ್ಲಿ ಏನೆಂದು ದಾಖಲಾಗುತ್ತದೆ ಗೊತ್ತೇ? ತಾಯಿಗೆ ಮಗುವಿನ ಮೇಲೆ ಆಸಕ್ತಿ ಇಲ್ಲ ಎಂದು. ಅಷ್ಟರಲ್ಲಿ ಒಂದೂವರೆ ವರ್ಷದ ಕೂಸು ಅವಳ ಮುಖವನ್ನೇ ಮರೆತಿರುತ್ತದೆ. ತೊಡೆಗೆ ಬಾ ಎಂದರೆ ಆಯಾಳ ಸೆರಗು ಹಿಡಿದು ಅಳುತ್ತದೆ. ಅದೂ ಕಡತಕ್ಕೆ ಹೋಗುತ್ತದೆ.

ನಾನು ಕಣ್ಣಾರೆ ಕಂಡ ಒಬ್ಬ ತಾಯಿಯ ವಿಷಯ ಹೇಳಲೇಬೇಕು. ಗುರುತು ಸಿಗಬಾರದು ಎಂದು ಊರು, ಆಸ್ಪತ್ರೆ ಯಾವುದನ್ನೂ ಹೇಳುವುದಿಲ್ಲ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಬುದ್ಧಿಯೂ ಸ್ವಲ್ಪ ನಿಧಾನ. ಮಗುವಿಗೆ ಫಿಟ್ಸ್ ಬರುತ್ತಿತ್ತು. ದಿನಕ್ಕೆ ಎರಡು ಹೊತ್ತು ಸಿರಪ್ ಕೊಡಬೇಕು, ಬೆಳಿಗ್ಗೆ ಒಂದಳತೆ, ರಾತ್ರಿ ಇನ್ನೊಂದು. ಅವಳು ಒಂದು ದಿನ ಕೊಟ್ಟರೆ ಒಂದು ದಿನ ಬಿಡುತ್ತಿದ್ದಳು, ಕೊಟ್ಟರೂ ಅಂದಾಜಿನ ಮೇಲೆ. ಎರಡು ಸಲ ಮಗು ಆಸ್ಪತ್ರೆ ಸೇರಿತು. ‘ಇವಳ ಕೈಯಲ್ಲಿ ಮಗು ಉಳಿಯುವುದಿಲ್ಲ, ತೆಗೆದುಕೊಂಡು ಹೋಗಿ’ ಎಂದು ಊರಿನವರೇ ಹೇಳಿದರು. ಮಾತು ಸುಳ್ಳಾಗಿರಲಿಲ್ಲ, ಮಗುವಿನ ಜೀವಕ್ಕೆ ನಿಜವಾಗಿಯೂ ಅಪಾಯವಿತ್ತು. ಆ ವಾರ್ಡಿನಲ್ಲಿ ಒಬ್ಬ ನರ್ಸ್ ಇದ್ದರು. ಅವರು ಸಿರಪ್ಪಿನ ಸಣ್ಣ ಕಪ್ಪಿಗೆ ನೈಲ್ ಪಾಲಿಶ್‌ನಿಂದ ಎರಡು ಗೆರೆ ಎಳೆದರು. ಕೆಳಗಿನ ಕೆಂಪು ಗೆರೆ ಬೆಳಗಿನದ್ದು, ಮೇಲಿನ ಗುಲಾಬಿ ಗೆರೆ ರಾತ್ರಿಯದ್ದು. ಹಾಸಿಗೆ ಪಕ್ಕದ ಗೋಡೆಯ ಮೇಲೆ ಒಂದು ಹಾಳೆ ಅಂಟಿಸಿದರು. ಔಷಧಿ ಕೊಟ್ಟ ಕೂಡಲೇ ಅವಳು ಅದರ ಮೇಲೆ ಕುಂಕುಮದ ಬೊಟ್ಟು ಇಡಬೇಕು. ಮೊದಲು ಕೈಹಿಡಿದು ಮಾಡಿಸಿದರು, ಆಮೇಲೆ ದೂರ ನಿಂತು ನೋಡಿದರು, ಆಮೇಲೆ ನೋಡುವುದನ್ನೂ ಬಿಟ್ಟರು. ಹಾಳೆ ತುಂಬ ಬೊಟ್ಟು. ಒಂದೂ ತಪ್ಪಿರಲಿಲ್ಲ.

ಮಗು ಗುಣವಾಗಿ ಡಿಸ್ಚಾರ್ಜ್ ಆಗುವವರೆಗೆ ತಾಯಿಗೂ ಅಲ್ಲಿ ಜಾಗ ಇದ್ದದ್ದರಿಂದ ಇದು ಸಾಧ್ಯವಾಯಿತು. ಆ ನರ್ಸ್ ಇದ್ದದ್ದು ಅವಳ ಅದೃಷ್ಟ. ಯಾರದೋ ಒಳ್ಳೆತನದಿಂದ ಒಬ್ಬಳಿಗೆ ಸಿಕ್ಕಿದ್ದು ಎಲ್ಲರಿಗೂ ಸಿಗಬೇಕಾದರೆ ಅದಕ್ಕೆ ಒಂದು ಜಾಗ ಬೇಕು, ಸಂಬಳ ಪಡೆಯುವ ಸಿಬ್ಬಂದಿ ಬೇಕು, ಒಂದು ಆದೇಶ ಬೇಕು.

ಈಗ ಇರುವ ವ್ಯವಸ್ಥೆ ಸಾಲದೇ ಎಂದು ಕೇಳಬಹುದು. ಸಖಿ ಒನ್ ಸ್ಟಾಪ್ ಸೆಂಟರ್ ಇದೆ. ಅಲ್ಲಿ ಉಳಿಯಲು ಅವಕಾಶ ಇರುವುದು ಐದು ದಿನ. ಹೊಡೆತ ತಿಂದು ಬಂದವಳಿಗೆ ಅದು ಬೇಕೇ ಬೇಕು. ಆದರೆ ಐದು ದಿನದಲ್ಲಿ ಯಾರೂ ಮಗು ಸಾಕುವುದನ್ನು ಕಲಿಯುವುದಿಲ್ಲ. ಸ್ವಾಧಾರ ಗೃಹ, ಈಗಿನ ಹೆಸರಿನಲ್ಲಿ ಶಕ್ತಿ ಸದನ, ಅದೂ ನೊಂದ ಹೆಣ್ಣಿಗೆ ಆಸರೆಯ ಜಾಗ. ಅಲ್ಲಿ ಗಂಡುಮಗ ದೊಡ್ಡವನಾದರೆ ತಾಯಿಯ ಜೊತೆ ಇರುವಂತಿಲ್ಲ. ಸ್ವಾಧಾರದ ಕಾಲದಲ್ಲಿ ಆ ಮಿತಿ ಎಂಟು ವರ್ಷ ಇತ್ತು. ಇನ್ನು ಅಪ್ಪನಿಗೆ ಎಲ್ಲೂ ಜಾಗವೇ ಇಲ್ಲ. ಹೆಂಡತಿ ತೀರಿಹೋದ ಮೀನುಗಾರನನ್ನು ನೆನೆಸಿಕೊಳ್ಳಿ. ರಾತ್ರಿ ಬೋಟಿಗೆ ಹೋದರೆ ಎರಡು ಮಕ್ಕಳನ್ನು ನೋಡುವವರಿಲ್ಲ. ಜೂನ್, ಜುಲೈಯ ಮೀನುಗಾರಿಕೆ ನಿಷೇಧದ 61 ದಿನ ಮನೆಯಲ್ಲಿದ್ದರೂ ಕೂಸಿಗೆ ಸ್ನಾನ ಮಾಡಿಸಲು ಅವನಿಗೆ ಯಾರೂ ಕಲಿಸಿಲ್ಲ. ಮಕ್ಕಳನ್ನು ಬಾಲಮಂದಿರಕ್ಕೆ ಬಿಡು ಎನ್ನುವುದು ಬಿಟ್ಟರೆ ಅವನಿಗೆ ಹೇಳಲು ನಮ್ಮಲ್ಲಿ ಏನಿದೆ?

ಹದಿನಾರು, ಹದಿನೇಳರ ಹುಡುಗಿ ಹೆತ್ತರೆ ಇನ್ನೂ ಕಷ್ಟ. ಕಾನೂನಿನ ಕಣ್ಣಿಗೆ ಅವಳೂ ಮಗು, ಅವಳ ಕೂಸೂ ಮಗು. ಒಬ್ಬಳು ಬಾಲಮಂದಿರಕ್ಕೆ, ಇನ್ನೊಂದು ದತ್ತು ಕೇಂದ್ರಕ್ಕೆ ಹೋಗುವ ಸಾಧ್ಯತೆಯೇ ಜಾಸ್ತಿ. ಮಗುವನ್ನು ಒಪ್ಪಿಸಿ ಸಹಿ ಹಾಕಿದ ಮೇಲೂ ಮನಸ್ಸು ಬದಲಿಸಲು ಕಾಯ್ದೆ ಎರಡು ತಿಂಗಳ ಸಮಯ ಕೊಡುತ್ತದೆ. ಒಳ್ಳೆಯದೇ. ಆದರೆ ಆ ಎರಡು ತಿಂಗಳು ಅವಳು ಎಲ್ಲಿ ಕೂತು ಯೋಚಿಸಬೇಕು? ಅಪ್ಪ, ಅಣ್ಣ ಮುಖ ನೋಡದ ಮನೆಯಲ್ಲೇ? ಕೂಸನ್ನು ಎತ್ತಿಕೊಂಡು, ಹಾಲು ಕೊಟ್ಟು, ನನ್ನಿಂದ ಆಗುತ್ತದೆ ಎಂದೋ ಆಗುವುದಿಲ್ಲ ಎಂದೋ ಅವಳೇ ಕಂಡುಕೊಳ್ಳಲು ಒಂದು ನೆಲೆ ಬೇಡವೇ?

ನಾನು ಕೇಳುತ್ತಿರುವುದು ನಮ್ಮ ದೇಶಕ್ಕೆ ಹೊಸದೇನಲ್ಲ. ತೀವ್ರ ಅಪೌಷ್ಟಿಕತೆಯ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ (ಎನ್‌ಆರ್‌ಸಿ) ಸೇರಿಸುವಾಗ ತಾಯಿಯನ್ನೂ ಸೇರಿಸಿಕೊಳ್ಳುತ್ತೇವೆ. ಹದಿನಾಲ್ಕು ದಿನ ಇಬ್ಬರೂ ಅಲ್ಲೇ ಇರುತ್ತಾರೆ. ತಾಯಿಗೆ ಊಟ ಕೊಟ್ಟು, ತಪ್ಪಿದ ಕೂಲಿಗೂ ಸ್ವಲ್ಪ ಹಣ ಕೊಟ್ಟು, ಅಡುಗೆ ಮಾಡುವುದು, ಉಣಿಸುವುದು ಹೇಗೆಂದು ತೋರಿಸಿಕೊಡುತ್ತೇವೆ. ಹಾಗೆ ಕಲಿತು ಹೋದ ಎಷ್ಟೋ ತಾಯಂದಿರನ್ನು ಆಮೇಲೆ ಅಂಗನವಾಡಿಯಲ್ಲಿ ನೋಡಿದ್ದೇನೆ. ತೂಕದ ದಿನ ತಪ್ಪಿಸದೇ ಬರುತ್ತಿದ್ದವರು ಅವರೇ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2009ರಿಂದ ತಾಯಿ-ಮಗು ವಾರ್ಡ್ ಇದೆ. ಹೆರಿಗೆಯ ನಂತರ ಮಾನಸಿಕ ಕಾಯಿಲೆಗೆ ಬಿದ್ದವಳಿಗೆ ಕೂಸಿನ ಜೊತೆಯಲ್ಲೇ ಚಿಕಿತ್ಸೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಇದನ್ನೇ ಹೇಳುತ್ತದೆ. ಚಿಕಿತ್ಸೆಯಲ್ಲಿರುವ ತಾಯಿಯಿಂದ ಮೂರು ವರ್ಷದೊಳಗಿನ ಮಗುವನ್ನು ಸಾಮಾನ್ಯವಾಗಿ ಬೇರೆ ಮಾಡಬಾರದು. ಅಪಾಯವಿದೆ ಎಂದು ಮಾಡಿದರೂ ಹದಿನೈದು ದಿನಕ್ಕೊಮ್ಮೆ ಮರುಪರಿಶೀಲಿಸಬೇಕು. ಜೈಲಿನಲ್ಲಿರುವ ತಾಯಿಯ ಜೊತೆಗೂ ಆರು ವರ್ಷದವರೆಗೆ ಮಗು ಇರಬಹುದು ಎಂದು ಸುಪ್ರೀಂ ಕೋರ್ಟು 2006ರಲ್ಲೇ ಹೇಳಿದೆ. ತಪ್ಪು ಮಾಡಿ ಜೈಲು ಸೇರಿದವಳಿಗೆ ಸಿಗುವುದು, ಬರೀ ಬಡತನಕ್ಕೋ ಕಾಯಿಲೆಗೋ ಸಿಕ್ಕಿಬಿದ್ದವಳಿಗೆ ಯಾಕೆ ಸಿಗಬಾರದು?

ಇಂಗ್ಲೆಂಡಿನಲ್ಲಿ ಇದು ತುಂಬ ವರ್ಷದಿಂದ ನಡೆದು ಬಂದ ಪದ್ಧತಿ. ಅಲ್ಲಿ 1989ರ ಮಕ್ಕಳ ಕಾಯ್ದೆ ಇದೆ. ಮಗುವನ್ನು ಹೆತ್ತವರಿಂದ ತೆಗೆಯಬೇಕೇ ಎಂಬ ಕೇಸು ನಡೆಯುವಾಗ, ಅದರ 38ನೇ ಕಲಮಿನ ಕೆಳಗೆ ನ್ಯಾಯಾಲಯ ಇಬ್ಬರನ್ನೂ ಒಟ್ಟಿಗೆ ಒಂದು ಕೇಂದ್ರದಲ್ಲಿಟ್ಟು ನೋಡಿ ಎಂದು ಆದೇಶ ಮಾಡಬಹುದು. ಸಾಮಾನ್ಯವಾಗಿ ಹನ್ನೆರಡು ವಾರದ ಲೆಕ್ಕ. ತಾಯಿ ಮಾತ್ರ ಎಂದಿಲ್ಲ, ಅಪ್ಪ ಬರಬಹುದು, ಇಬ್ಬರೂ ಬರಬಹುದು. ಈ ಕೇಂದ್ರಗಳಿಗೆ 2002ರಿಂದ ಪ್ರತ್ಯೇಕ ನಿಯಮಗಳಿವೆ. ಶಾಲೆಗಳನ್ನು ತಪಾಸಣೆ ಮಾಡುವ ಆಫ್‌ಸ್ಟೆಡ್ ಎಂಬ ಸಂಸ್ಥೆಯೇ ಇವನ್ನೂ ತಪಾಸಣೆ ಮಾಡುತ್ತದೆ. ಇಡೀ ಕೇಸು 26 ವಾರದೊಳಗೆ ಮುಗಿಯಬೇಕು ಎಂದು 2014ರಲ್ಲಿ ಮತ್ತೊಂದು ಕಾನೂನು ಬಂತು. ಮಗುವಿನ ಬಾಲ್ಯ ಕೋರ್ಟಿನಲ್ಲೇ ಕಳೆದುಹೋಗಬಾರದು ಎಂಬ ಕಾಳಜಿ ಅದು.

ಅಲ್ಲಿಂದ ಎಲ್ಲವನ್ನೂ ತರಬೇಕು ಎಂದು ನಾನು ಹೇಳುವುದಿಲ್ಲ. ಅಲ್ಲಿನ ಹಲವು ಕೇಂದ್ರಗಳಲ್ಲಿ ಕ್ಯಾಮೆರಾ ಇಟ್ಟು ನೋಡುತ್ತಾರೆ. ಮೊದಲ ದಿನಗಳಲ್ಲಿ, ಅಪಾಯ ಜಾಸ್ತಿ ಇರುವಾಗ ಅದು ಬೇಕಾಗಬಹುದು. ಆದರೆ ದಿನವಿಡೀ ಕ್ಯಾಮೆರಾದ ಕೆಳಗೆ ಕೂತು ಮಗುವಿಗೆ ಮೊಲೆ ಕುಡಿಸು ಎಂದರೆ ನಮ್ಮ ಹಾಲಕ್ಕಿ ಹೆಣ್ಣುಮಗಳು ಮೊದಲ ಬಸ್ಸಿಗೇ ವಾಪಸು ಹೋಗುತ್ತಾಳೆ. ಇನ್ನೊಂದು ಮಾತು. ಆ 38ನೇ ಕಲಮಿನ ಆದೇಶ ಅಳೆದು ನೋಡುವುದಕ್ಕೆ ಮಾತ್ರ, ದೀರ್ಘ ಚಿಕಿತ್ಸೆಗೆ ಅಲ್ಲ ಎಂದು ಅಲ್ಲಿನ ಅತ್ಯುನ್ನತ ನ್ಯಾಯಪೀಠ 2005ರಲ್ಲಿ ಹೇಳಿತು. ನಾವು ಹಾಗೆ ಗೆರೆ ಎಳೆಯಬೇಕಾಗಿಲ್ಲ. ಕಲಿಸದೇ ಪರೀಕ್ಷೆ ಮಾಡುವುದು ನ್ಯಾಯವಲ್ಲ ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ನಮ್ಮದೇ ಬಾಣಂತನ ಇದೆಯಲ್ಲ, ಅದರಲ್ಲಿ ಎಲ್ಲವೂ ಇದೆ. ಚೊಚ್ಚಲ ಹೆರಿಗೆಗೆ ತವರಿಗೆ ಹೋದವಳಿಗೆ ಮೂರು ತಿಂಗಳು, ಐದು ತಿಂಗಳು ಅಮ್ಮ, ಅಜ್ಜಿ ಕೂಸನ್ನು ಮೀಯಿಸುವುದರಿಂದ ಹಿಡಿದು ಹೊಟ್ಟೆನೋವಿಗೆ ಏನು ಮಾಡಬೇಕು ಎನ್ನುವವರೆಗೆ ಕಲಿಸುತ್ತಾರೆ. ಕಲಿಸುತ್ತಲೇ ನೋಡಿಯೂ ಇರುತ್ತಾರೆ. ಇನ್ನೂ ಕೈ ಕುದುರಿಲ್ಲ, ಇನ್ನೊಂದು ತಿಂಗಳು ಇರಲಿ ಎಂದು ಅಳಿಯನಿಗೆ ಹೇಳಿ ಕಳಿಸುತ್ತಾರೆ. ತವರೇ ಇಲ್ಲದವಳಿಗೆ, ತವರಿನಲ್ಲೇ ಹೊಡೆತ ತಿಂದು ಬೆಳೆದವಳಿಗೆ, ಯೋಜನೆಗೆ ಭೂಮಿ ಹೋಗಿ ಬಂಧುಗಳೆಲ್ಲ ಚದುರಿದವಳಿಗೆ ಇದನ್ನು ಕಲಿಸುವವರು ಯಾರು?

ಒಂದು ಆಕ್ಷೇಪ ಬರುತ್ತದೆ, ಅದು ಗಂಭೀರವಾದದ್ದು. ಹೀಗೆ ಅವಕಾಶ ಕೊಡುತ್ತಾ ಹೋದರೆ ಮಗುವಿಗೆ ಏನಾದರೂ ಆದರೆ ಯಾರು ಹೊಣೆ? ಒಪ್ಪುತ್ತೇನೆ, ಎಲ್ಲ ಮಕ್ಕಳನ್ನೂ ಹೆತ್ತವರ ಹತ್ತಿರವೇ ಬಿಡಲಾಗುವುದಿಲ್ಲ. ಬೇಕೆಂದೇ ಸುಟ್ಟ ಗಾಯ ಮಾಡಿದವರಿದ್ದಾರೆ, ಮಗುವಿನ ಮೈ ಮುಟ್ಟಿದವರಿದ್ದಾರೆ. ಅಂಥವರಿಗೆ ಈ ಮನೆಯ ಬಾಗಿಲು ತೆರೆಯಬೇಕಾಗಿಲ್ಲ. ಬಂದವರಲ್ಲೂ ಕೆಲವರ ಕೈಲಿ ಆಗುವುದಿಲ್ಲ ಎಂದು ಆರು ವಾರದಲ್ಲಿ ಗೊತ್ತಾಗಬಹುದು. ಗೊತ್ತಾದರೆ ಅದನ್ನು ನೇರವಾಗಿ ಹೇಳಬೇಕು, ಎಳೆಯಬಾರದು. ಹಾಗೆ ಹೇಳಿದ ವರದಿಗೂ ಅರ್ಧ ಗಂಟೆಯ ಭೇಟಿಯ ವರದಿಗೂ ಬಹಳ ವ್ಯತ್ಯಾಸವಿದೆ. ಮಗುವನ್ನು ದತ್ತು ಕೊಡುವುದೇ ಸರಿ ಎಂದಾದರೆ ವರ್ಷಗಟ್ಟಲೆ ಬಾಲಮಂದಿರದಲ್ಲಿ ಕೊಳೆಯದೇ ಬೇಗ ಹೊಸ ಮನೆ ಸೇರುತ್ತದೆ. ಆ ಮಗುವಿಗೂ ಇದರಿಂದ ಒಳಿತೇ.

ಹೊಸ ಕಾನೂನು ಬೇಡ. ಬಾಲನ್ಯಾಯ ಕಾಯ್ದೆಯ 51ನೇ ಕಲಮಿನ ಪ್ರಕಾರ ಸರ್ಕಾರದ ಅಥವಾ ನೋಂದಾಯಿತ ಸಂಸ್ಥೆಯ ಒಂದು ಜಾಗವನ್ನು, ಒಂದು ಉದ್ದೇಶಕ್ಕೆ, ತಾತ್ಕಾಲಿಕವಾಗಿ ಮಗುವಿನ ಹೊಣೆ ಹೊರಲು ಯೋಗ್ಯ ಎಂದು ಸಮಿತಿ ಗುರುತಿಸಬಹುದು. ಈ ಮನೆಗೆ ಅಷ್ಟು ಸಾಕು ಎಂದು ನನ್ನ ತಿಳಿವಳಿಕೆ. ಮನೆ ದೊಡ್ಡದಿರಬಾರದು. ಐದಾರು ಕುಟುಂಬ ಇರುವಷ್ಟು. ಪ್ರತಿ ಕುಟುಂಬಕ್ಕೂ ಚಿಲಕವಿರುವ ಒಂದು ಕೋಣೆ, ಅವರೇ ಅಡುಗೆ ಮಾಡಿಕೊಳ್ಳುವ ಒಲೆ. ಮೆಸ್ಸಿನ ಊಟ ಬೇಡ. ಅವಳು ತನ್ನ ಮನೆಗೆ ಹೋದ ಮೇಲೆ ಮಾಡಬೇಕಾದದ್ದು ಗಂಜಿ, ಮೀನುಸಾರು ತಾನೇ? ಅದನ್ನು ಇಲ್ಲೇ ಮಾಡಲಿ. ರಾತ್ರಿಗೆ ಒಬ್ಬ ಅನುಭವಸ್ಥ ಆಯಾ, ಹಗಲಿಗೆ ನರ್ಸ್, ಆಪ್ತ ಸಮಾಲೋಚಕಿ. ವಾರಕ್ಕೊಮ್ಮೆ ಮಕ್ಕಳ ಡಾಕ್ಟರು, ಮಾನಸಿಕ ತಜ್ಞರು. ಕುಡಿತ ಬಿಡಬೇಕಾದವರಿಗೆ ಅದರ ಚಿಕಿತ್ಸೆಯ ಜೋಡಣೆ.

ಭಾಷೆಯ ವಿಷಯ ದಯವಿಟ್ಟು ಸಣ್ಣದೆಂದು ತಿಳಿಯಬೇಡಿ. ಯಲ್ಲಾಪುರ, ಹಳಿಯಾಳದ ಸಿದ್ದಿ ತಾಯಿ ಮನೆಯಲ್ಲಿ ಆಡುವುದು ತನ್ನದೇ ಕೊಂಕಣಿ. ಗೌಳಿಗರದ್ದು ಮರಾಠಿಯ ಹಾಗಿನ ಮಾತು. ಕಾರವಾರದ ಕಡಲ ಕೇರಿಗಳಲ್ಲೂ ಕೊಂಕಣಿ. ಅವಳಿಗೆ ಅರ್ಥವಾಗದ ಭಾಷೆಯಲ್ಲಿ ಪ್ರಶ್ನೆ ಕೇಳಿ, ಉತ್ತರ ಕೊಡಲಿಲ್ಲ ಎಂದು ಅವಳ ಬುದ್ಧಿ ಅಳೆಯುವುದು ನಿಲ್ಲಬೇಕು. ಬರೆದದ್ದನ್ನು ವಾರಕ್ಕೊಮ್ಮೆ ಅವಳಿಗೆ ಅವಳ ಮಾತಿನಲ್ಲೇ ಓದಿ ಹೇಳಬೇಕು. ಎಲ್ಲಿ ತಪ್ಪುತ್ತಿದ್ದೇನೆ ಎಂದು ಗೊತ್ತಾದರೆ ತಿದ್ದಿಕೊಳ್ಳಬಹುದು. ಕೊನೆಯ ದಿನ ಒಮ್ಮೆಲೇ ತೀರ್ಪು ಕೇಳಿದರೆ ಏನು ತಿದ್ದಿಕೊಳ್ಳುವುದು?

ಮನೆಗೆ ಮರಳಿದ ಮೇಲಿನದ್ದೂ ಅಷ್ಟೇ ಮುಖ್ಯ. ಕೇಂದ್ರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದಲ್ಲಿ ಪ್ರಾಯೋಜಕತ್ವದ ಹಣ ಮಗುವಿಗೆ ತಿಂಗಳಿಗೆ 4,000 ರೂಪಾಯಿ ಇದೆ. ಹಳ್ಳಿಯಲ್ಲಿ ವರ್ಷಕ್ಕೆ 72,000 ರೂಪಾಯಿ ಆದಾಯದ ಮಿತಿ. ಈ ಮನೆಯಿಂದ ಹೊರಡುವ ದಿನವೇ ಆ ಅರ್ಜಿ ಮಂಜೂರಾಗಿ ಕೈಯಲ್ಲಿರಬೇಕು. ಊರಿನ ಆಶಾ, ಅಂಗನವಾಡಿ ಕಾರ್ಯಕರ್ತೆ ಮೊದಲೇ ಬಂದು ತಾಯಿಯನ್ನು ಕಂಡು ಹೋಗಿರಬೇಕು.

ಕಾಯ್ದೆಯ ಪ್ರಕಾರ ಮಕ್ಕಳ ಕಲ್ಯಾಣ ಸಮಿತಿಯ ಕೆಲಸವನ್ನು ಮೂರು ತಿಂಗಳಿಗೊಮ್ಮೆ ಪರಿಶೀಲಿಸುವವರು ಜಿಲ್ಲಾಧಿಕಾರಿಗಳಾದ ತಾವು. 2021ರ ತಿದ್ದುಪಡಿಯ ನಂತರ ಮಕ್ಕಳ ರಕ್ಷಣಾ ಘಟಕದ ಮೇಲುಸ್ತುವಾರಿಯೂ ತಮ್ಮದೇ. ಅದಕ್ಕಾಗಿ ತಮ್ಮಲ್ಲೇ ಕೇಳುತ್ತಿದ್ದೇನೆ. ಮುಂದಿನ ಪರಿಶೀಲನಾ ಸಭೆಗೆ ಎರಡು ಪಟ್ಟಿ ತರಿಸಿಕೊಳ್ಳಿ. ಹೆತ್ತವರು ಬದುಕಿದ್ದೂ ಸಂಸ್ಥೆಗಳಲ್ಲಿರುವ ಜಿಲ್ಲೆಯ ಮಕ್ಕಳು ಎಷ್ಟು, ಅವರಲ್ಲಿ ಬಡತನ, ಕಾಯಿಲೆ, ಒಂಟಿತನ ಬಿಟ್ಟು ಬೇರೆ ಕಾರಣವಿಲ್ಲದವರು ಎಷ್ಟು ಎಂಬುದು ಒಂದು. ಶಿರಸಿ ಮತ್ತು ಕುಮಟಾದಲ್ಲಿ ಖಾಲಿ ಬಿದ್ದಿರುವ ಸರ್ಕಾರಿ ವಸತಿಗೃಹಗಳು ಎಷ್ಟು ಎಂಬುದು ಇನ್ನೊಂದು. ಘಟ್ಟದ ಮೇಲೆ ಒಂದು, ಕೆಳಗೆ ಒಂದು ಮನೆ ಆಗಬೇಕು ಎಂಬುದು ನನ್ನ ಆಸೆ. ಒಂದರಿಂದ ಶುರುವಾದರೂ ಸರಿ. ಹಣಕ್ಕೆ ಇಲಾಖೆ ತಕ್ಷಣ ಒಪ್ಪದಿದ್ದರೆ ಮೊದಲ ವರ್ಷಕ್ಕೆ ಕೈಗಾ ಅಣು ವಿದ್ಯುತ್ ಸ್ಥಾವರದಂಥ ಕಡೆಯ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ನಿಧಿ ಕೇಳಬಹುದು. ಅದು ತಮ್ಮ ಒಂದು ಪತ್ರದ ಕೆಲಸ.

ಆ ಸಭೆಗೆ ನಮ್ಮನ್ನೂ ಕರೆಯಿರಿ. ನಾನೊಬ್ಬಳೇ ಬರುವುದಿಲ್ಲ. ಮಗುವನ್ನು ವಾಪಸು ಪಡೆದ ತಾಯಂದಿರು, ಪಡೆಯಲಾಗದವರು, ಇನ್ನೂ ಕಾಯುತ್ತಿರುವ ಒಬ್ಬ ಅಪ್ಪ ನನ್ನ ಜೊತೆ ಕಾರವಾರಕ್ಕೆ ಬರಲು ಒಪ್ಪಿದ್ದಾರೆ. ಅವರು ಮಾತಾಡಲಿ. ದಿನಾಂಕ ತಿಳಿಸಿದರೆ ಸಾಕು.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಅಂಗನವಾಡಿ ಮೇಲ್ವಿಚಾರಕಿ,
ಕುಮಟಾ, ಉತ್ತರ ಕನ್ನಡ